ಆನ್ ಆಗದ ಲ್ಯಾಪ್‌ಟಾಪ್

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಎದುರು ‘ತಂತ್ರಜ್ಞಾನ ಮತ್ತು ನಾಳಿನ ಭಾರತ’ ಎಂದು ಅಚ್ಚಾಗಿದೆ. ಹೆಡ್ ಮೇಷ್ಟ್ರು ಪ್ರೀತಿಯಿಂದ ಇಟ್ಟ ಹೆಸರು. ಆದರೆ ನಾಳಿನ ಭಾರತದ ಬಗ್ಗೆ ನನಗೆ ನಿಮಗಿಂತ ಹೆಚ್ಚೇನೂ ಗೊತ್ತಿಲ್ಲ. ನಿನ್ನೆ ಸಂಜೆ ಊರಿಗೆ ಬಂದವನು ಶಾಲೆಗೆ ಒಂದು ಸುತ್ತು ಹಾಕಿದೆ. ವಿಜ್ಞಾನದ ಕೋಣೆಯ ಬೀರುವಿನಲ್ಲಿ, ಗ್ಲೋಬಿನ ಪಕ್ಕದಲ್ಲಿ, ಬಟ್ಟೆ ಮುಚ್ಚಿಟ್ಟ ಮೂರು ಲ್ಯಾಪ್‌ಟಾಪ್ ಕಂಡವು. ನಮ್ಮ ಬ್ಯಾಚಿನವರು ದುಡ್ಡು ಸೇರಿಸಿ ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡು ಶಾಲೆಗೆ ಕೊಟ್ಟ ಐದರಲ್ಲಿ ಮೂರು. “ಏನಾಗಿದೆ ಸಾರ್?” ಅಂದೆ. “ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದ್ರೆ ಆನ್ ಆಗ್ಲಿಲ್ಲಪ್ಪ. ಕೊಟ್ಟವರಿಗೆ ಹೇಳೋದು ಹೇಗೆ ಅಂತ ಸಂಕೋಚ ಆಯ್ತು” ಅಂದರು. ಆ ಸಂಕೋಚ ಅನ್ನುವ ಮಾತು ರಾತ್ರಿಯೆಲ್ಲ ತಲೆಯಲ್ಲಿ ಉಳಿಯಿತು. ಆದ್ದರಿಂದ ಇವತ್ತು ಆನ್ ಆಗದ ಲ್ಯಾಪ್‌ಟಾಪಿನ ಬಗ್ಗೆಯೇ ಮಾತಾಡುತ್ತೇನೆ. ಅಚ್ಚಾದ ವಿಷಯ ಬಿಟ್ಟಿದ್ದಕ್ಕೆ ಕ್ಷಮಿಸಿ.

ಮೊದಲೇ ಒಂದು ಮಾತು. ನಾನು ಸಾಫ್ಟ್‌ವೇರ್ ಇಂಜಿನಿಯರ್ ಎಂದ ಕೂಡಲೇ ಊರಿನಲ್ಲಿ ಎಲ್ಲರೂ ಕಂಪ್ಯೂಟರ್ ರಿಪೇರಿಯವನು ಅಂದುಕೊಳ್ಳುತ್ತಾರೆ. ಅಸಲಿಗೆ ನಮ್ಮ ಆಫೀಸಿನಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಒಂದು ದೂರು ಬರೆದು ಹಾಕಿ ಕಾಫಿ ಕುಡಿಯಲು ಹೋಗುವವರು ನಾವು. ಸ್ಕ್ರೂಡ್ರೈವರ್ ಹಿಡಿಯಲು ನಾನು ಕಲಿತದ್ದು ಒಂದು ಲ್ಯಾಪ್‌ಟಾಪ್ ಕಳೆದುಕೊಂಡ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಅದೇ ವಿಜ್ಞಾನದ ಕೋಣೆಯಲ್ಲಿ ಎಂಟನೇ ತರಗತಿಯಲ್ಲಿ ನಮ್ಮ ಮೇಷ್ಟ್ರು ಒಂದು ಹಲಗೆಯ ಮೇಲೆ ಎರಡು ಸೆಲ್, ಒಂದು ಸ್ವಿಚ್, ಒಂದು ಟಾರ್ಚ್ ಬಲ್ಬು ಜೋಡಿಸಿದ್ದರು. ಸ್ವಿಚ್ ಒತ್ತಿದರೆ ಬಲ್ಬು ಉರಿಯಲಿಲ್ಲ. “ಬಲ್ಬು ಹೋಗಿದೆ ಸಾರ್” ಅಂತ ಎಲ್ಲರೂ ಕೂಗಿದೆವು. ಮೇಷ್ಟ್ರು ಬಲ್ಬನ್ನು ಮುಟ್ಟಲೇ ಇಲ್ಲ. “ಕರೆಂಟು ಎಲ್ಲಿಂದ ಹೊರಟಿದೆ, ಎಲ್ಲಿವರೆಗೆ ಬಂದಿದೆ, ಅದನ್ನ ಹೇಳ್ರೋ” ಅಂದರು. ಒಂದು ತುಂಡು ತಂತಿ ಹಿಡಿದು ಸೆಲ್ಲಿನ ಕಡೆಯಿಂದ ಒಂದೊಂದೇ ಜಾಗ ಮುಟ್ಟಿಸುತ್ತಾ ಬಂದರು. ಸ್ವಿಚ್ಚಿನ ತಗಡಿಗೆ ಕಿಲುಬು ಹಿಡಿದಿತ್ತು. ಅಷ್ಟೇ. ಲ್ಯಾಪ್‌ಟಾಪಿಗೂ ಇದಕ್ಕಿಂತ ದೊಡ್ಡ ವಿದ್ಯೆ ಬೇಕಿಲ್ಲ.

ನಾವು ‘ಆನ್ ಆಗ್ತಿಲ್ಲ’ ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ‘ಮೈ ಸರಿ ಇಲ್ಲ’ ಅಂದ ಹಾಗೆ. ಬಟನ್ ಒತ್ತಿದಾಗ ಒಂದು ದೀಪವೂ ಇಲ್ಲ, ಸದ್ದೂ ಇಲ್ಲ ಅನ್ನುವುದು ಒಂದು. ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು ಅನ್ನುವುದು ಇನ್ನೊಂದು. ಕಂಪನಿಯ ಹೆಸರು ಬಂದು ಅಲ್ಲೇ ನಿಂತುಬಿಡುತ್ತದೆ ಅನ್ನುವುದು ಮತ್ತೊಂದು. ಈ ಮೂರರಲ್ಲಿ ಯಾವುದು ಅಂತ ಹೇಳಲು ಬಂದರೆ ರಿಪೇರಿಯ ಅಂಗಡಿಗೆ ಹೋದಾಗಲೂ ಅರ್ಧ ಕೆಲಸ ಆದಂತೆ. ‘ಬೋರ್ಡ್ ಹೋಗಿದೆ’ ಎಂದವರಿಗೆ ‘ಹೇಗೆ ನೋಡಿದಿರಿ?’ ಎಂದು ಕೇಳುವ ಧೈರ್ಯ ಬರುತ್ತದೆ.

ದೀಪವೇ ಇಲ್ಲದಿದ್ದರೆ ಗೋಡೆಯಿಂದ ಶುರು ಮಾಡಿ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ನಗಬೇಡಿ, ಸಾಕೆಟ್ಟಿನಲ್ಲಿ ಕರೆಂಟು ಬಾರದೆ ಲ್ಯಾಪ್‌ಟಾಪ್ ಹೊತ್ತು ತಾಲ್ಲೂಕು ಕೇಂದ್ರಕ್ಕೆ ಹೋದವರನ್ನು ಕಂಡಿದ್ದೇನೆ. ಆಮೇಲೆ ಚಾರ್ಜರ್. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಜೊತೆ ಬರುವ ಚಾರ್ಜರ್ ಬಹಳ ಸಲ ಅದರದ್ದಾಗಿರುವುದಿಲ್ಲ. ವೈರು ಮಡಚಿ ಮಡಚಿ ಒಳಗೇ ತುಂಡಾಗಿರುತ್ತದೆ. ಮೋಟಾರು ರಿಪೇರಿ ಮಾಡುವವರ ಹತ್ತಿರ ಮಲ್ಟಿಮೀಟರ್ ಇರುತ್ತದೆ, ಪಿನ್ನಿನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಎಂದು ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಗುಂಡು ಪಿನ್ನಿನ ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ 19 ಅಥವಾ 19.5 ವೋಲ್ಟ್ ಬರಬೇಕು.

ಚಾರ್ಜರ್ ಸರಿಯಿದ್ದರೂ ದೀಪ ಇಲ್ಲದಿದ್ದರೆ ಒಂದು ಮನೆಮದ್ದು. ಚಾರ್ಜರ್ ಕೀಳಿ, ಬ್ಯಾಟರಿ ಹೊರಗೆ ಬರುವ ಹಾಗಿದ್ದರೆ ತೆಗೆಯಿರಿ, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದಿರುವ ಚೂರುಪಾರು ಕರೆಂಟು ಖಾಲಿಯಾಗುತ್ತದೆ, ಗೊಂದಲದಲ್ಲಿ ಸಿಕ್ಕಿಕೊಂಡ ಒಂದು ಸಣ್ಣ ಚಿಪ್ಪು ಮೊದಲಿನಿಂದ ಎಚ್ಚರಗೊಳ್ಳುತ್ತದೆ. ಆಮೇಲೆ ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನಲ್ಲಿ ಆನ್ ಮಾಡಿ. ಹತ್ತಿದರೆ ತಪ್ಪು ಬ್ಯಾಟರಿಯದ್ದಿರಬಹುದು. ಇಷ್ಟಕ್ಕೇ ಎದ್ದು ಕೂತ ಲ್ಯಾಪ್‌ಟಾಪುಗಳನ್ನು ಎಷ್ಟೋ ನೋಡಿದ್ದೇನೆ.

ಇನ್ನು ಎರಡನೆಯ ಬಗೆ. ಕಳೆದ ಆಗಸ್ಟಿನಲ್ಲಿ ಒಂದು ಭಾನುವಾರ ನಮ್ಮ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದಳು. ಇದೇ ಶಾಲೆಯವಳು, ಈಗ ಬಿ.ಸಿ.ಎ. ಎರಡನೇ ವರ್ಷ. ಹೆಸರು ಹೇಳುವುದಿಲ್ಲ. ಅವಳ ಅಮ್ಮ ಅಡಿಕೆ ಸುಲಿಯಲು ಹೋಗುತ್ತಾರೆ. ಸ್ವಸಹಾಯ ಸಂಘದಲ್ಲಿ ಸಾಲ ಮಾಡಿ 12,000 ರೂಪಾಯಿಗೆ ಮಗಳಿಗೊಂದು ಹಳೆಯ ಲ್ಯಾಪ್‌ಟಾಪ್ ತೆಗೆಸಿಕೊಟ್ಟಿದ್ದರು. ವಾರ ವಾರ ಕಂತು. “ಅಣ್ಣಾ, ಲೈಟ್ ಬರತ್ತೆ, ಫ್ಯಾನ್ ತಿರುಗತ್ತೆ, ಸ್ಕ್ರೀನ್ ಬರಲ್ಲ. ಅಂಗಡಿಯವ್ರು ಬೋರ್ಡ್ ಹೋಗಿದೆ, 7,000 ಆಗತ್ತೆ ಅಂದ್ರು” ಅಂದಳು. “ಅಮ್ಮನಿಗೆ ಹೇಳಿದ್ಯಾ?” ಅಂದೆ. ಎರಡು ವಾರದಿಂದ ‘ಕಾಲೇಜಲ್ಲೇ ಇಟ್ಟಿದೀನಿ’ ಅಂತ ಸುಳ್ಳು ಹೇಳಿಕೊಂಡು ಓಡಾಡುತ್ತಿದ್ದಳು. ಕಾಲೇಜು ಬಿಟ್ಟು ಯಾವುದಾದರೂ ಅಂಗಡಿಯ ಕೆಲಸಕ್ಕೆ ಸೇರಿಬಿಡಲೇ ಅಂತಲೂ ಕೇಳಿದಳು.

ವಿಡಿಯೋ ಕಾಲ್‌ನಲ್ಲೇ ಶುರು ಮಾಡಿದೆವು. ಮೊದಲು ಕೋಣೆ ಕತ್ತಲೆ ಮಾಡಿ ಕಪ್ಪು ಪರದೆಗೆ ಓರೆಯಾಗಿ ಟಾರ್ಚ್ ಬಿಡಲು ಹೇಳಿದೆ. ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದ್ದರೆ ಚಿತ್ರ ಮಸುಕಾಗಿ ಕಾಣುತ್ತದೆ. ಕಾಣಲಿಲ್ಲ. ಪಕ್ಕದ ಮನೆಯ ಟಿ.ವಿ.ಗೆ ಎಚ್‌ಡಿಎಂಐ ವೈರಿನಲ್ಲಿ ಜೋಡಿಸಿದಳು. ಅಲ್ಲೂ ಏನೂ ಇಲ್ಲ. ಅಂದರೆ ತಪ್ಪು ಪರದೆಯದ್ದಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಪುಟ್ಟ ದೀಪ ಹತ್ತಿ ಆರುತ್ತದೆಯೇ ಎಂದು ಕೇಳಿದೆ. ಇಲ್ಲ. ಯಂತ್ರಕ್ಕೆ ಕರೆಂಟು ಬಂದಿದೆ, ಎಚ್ಚರ ಬಂದಿಲ್ಲ. ನಮ್ಮ ಮೇಷ್ಟ್ರ ತಂತಿ ಸ್ವಿಚ್ಚಿನ ಹತ್ತಿರಕ್ಕೆ ಬಂದಂತಾಯಿತು.

ಇಲ್ಲಿ ಮೊದಲು ಅನುಮಾನ ಪಡಬೇಕಾದದ್ದು ರ‍್ಯಾಮ್. ಸುಮಾರು ಒಂದು ಬೆರಳು ಉದ್ದದ ಹಸಿರು ಪಟ್ಟಿ, ಒಂದು ಅಂಚಿನಲ್ಲಿ ಬಂಗಾರದ ಬಣ್ಣದ ಹಲ್ಲುಗಳು. ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ, ಪುಸ್ತಕಕ್ಕೆ, ಪೆಟ್ಟಿಗೆಯ ಸೀರೆಗೆ ಬೂಷ್ಟು ಹಿಡಿಯುತ್ತದೆ. ಬೀರುವಿನಲ್ಲಿ ತೆಪ್ಪಗೆ ಕೂತ ಲ್ಯಾಪ್‌ಟಾಪಿನ ಒಳಗೂ ಅದೇ ಗಾಳಿ. ಹಲ್ಲುಗಳ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ, ಸಂಪರ್ಕ ತಪ್ಪುತ್ತದೆ. ದಿನಾ ಅರ್ಧ ಗಂಟೆ ಓಡುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ಜೋಪಾನವಾಗಿ ಬಟ್ಟೆ ಮುಚ್ಚಿಟ್ಟದ್ದೇ ಮೊದಲು ಕೆಡುತ್ತದೆ.

ಹುಡುಗಿ ಮೊಬೈಲ್ ಅಂಗಡಿಯಿಂದ ಸಣ್ಣ ಸ್ಕ್ರೂಡ್ರೈವರ್ ಬೇಡಿ ತಂದಳು. ಬಿಚ್ಚುವ ಮೊದಲು ಚಾರ್ಜರ್ ತೆಗೆದಳು. ಒಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಇಟ್ಟಳು. ಇದು ನಾನು ಹೇಳಿಕೊಟ್ಟದ್ದಲ್ಲ, ಅವಳದೇ ಬುದ್ಧಿ. ತಳ ತೆಗೆದ ಕೂಡಲೇ ಒಳಗಿನ ಬ್ಯಾಟರಿಯ ವೈರು ಕಿತ್ತಳು. ಮೈಯ ಸ್ಥಾಯಿ ವಿದ್ಯುತ್ತು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳು ಮುಟ್ಟಿದಳು. ಒಳಗೆ 4 ಜಿಬಿಯ ಎರಡು ರ‍್ಯಾಮ್ ಪಟ್ಟಿ. ಎರಡನ್ನೂ ತೆಗೆದು, ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದನ್ನು ಮಾತ್ರ ಓರೆಯಾಗಿ ತೂರಿಸಿ ಕೆಳಗೆ ಒತ್ತಿದಳು. ಕಟ್ ಎಂದು ಕೂರಬೇಕು. ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿ ಬಟನ್ ಒತ್ತಿದಳು. ಕಪ್ಪು. ವೈರು ಕಿತ್ತು, ಅದನ್ನು ತೆಗೆದು ಅದೇ ಜಾಗಕ್ಕೆ ಇನ್ನೊಂದನ್ನು ಹಾಕಿದಳು.

ಫೋನಿನಲ್ಲಿ ನನಗೆ ಪರದೆ ಕಾಣುತ್ತಿರಲಿಲ್ಲ, ಅವಳ ಮುಖ ಕಾಣುತ್ತಿತ್ತು. ಮುಖದ ಮೇಲೆ ಬೆಳಕು ಬಿತ್ತು.

ಎರಡು ಪಟ್ಟಿಯಲ್ಲಿ ಒಂದು ಪೂರ್ತಿ ಸತ್ತಿತ್ತು, ಅದು ಇನ್ನೊಂದನ್ನೂ ಏಳಲು ಬಿಟ್ಟಿರಲಿಲ್ಲ. ಆಮೇಲೆ ಹಳೆಯದೇ ಇನ್ನೊಂದು ಪಟ್ಟಿ 500 ರೂಪಾಯಿಗೆ ಸಿಕ್ಕಿತು. ಬೋರ್ಡಿಗೆ ಏನೂ ಆಗಿರಲಿಲ್ಲ. ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ದಿನಕ್ಕೆ ಹತ್ತು ಯಂತ್ರ ಬರುವ ಕಡೆ ಒಂದೊಂದೇ ಪಟ್ಟಿ ತೆಗೆದು ನೋಡುವ ಪುರುಸೊತ್ತು ಯಾರಿಗಿದೆ?

ಅವಳು ಅಮ್ಮನಿಗೆ ಸುಳ್ಳು ಹೇಳಿದ್ದಳು ಅಂದೆನಲ್ಲ. ಆ ದಿನ ನಾನು ಅವಳಿಗೆ ಬುದ್ಧಿ ಹೇಳಲಿಲ್ಲ, ಹೇಳುವ ಯೋಗ್ಯತೆ ನನಗಿರಲಿಲ್ಲ. 2008ರಲ್ಲಿ ನಾನು ಬಿ.ಇ. ಎರಡನೇ ವರ್ಷದಲ್ಲಿದ್ದೆ. ನಮ್ಮಪ್ಪ ಅಡಿಕೆ ಮಂಡಿಯಿಂದ ಮುಂಗಡ ತಂದು 14,000 ರೂಪಾಯಿ ಕೊಟ್ಟರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡೆ. ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಒಂದು ರಾತ್ರಿ ಆನ್ ಆಗಲಿಲ್ಲ. ದೀಪವೇ ಇಲ್ಲ. ಮರುದಿನ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ಹಾಸ್ಟೆಲಿನಲ್ಲಿ ಯಾರದೋ ಪ್ರಿಂಟರಿನ ಚಾರ್ಜರ್ ಇತ್ತು. ಪಿನ್ನು ಸರಿಯಾಗಿ ಕೂತಿತು. ಕೂತಿತಲ್ಲ ಎಂದು ಸ್ವಿಚ್ ಹಾಕಿದೆ. ಕ್ಷಣದಲ್ಲಿ ಸುಟ್ಟ ವಾಸನೆ. ಆಮೇಲೆ ನೋಡಿದರೆ ಅದರ ಬೆನ್ನ ಮೇಲೆ 24 ವೋಲ್ಟ್ ಎಂದು ಬರೆದಿತ್ತು, ನನ್ನ ಲ್ಯಾಪ್‌ಟಾಪಿಗೆ ಬೇಕಾದದ್ದು 19. ನನ್ನ ಹಳೆಯ ಚಾರ್ಜರಿನ ವೈರು ಮಾತ್ರ ತುಂಡಾಗಿತ್ತು. ಅವತ್ತು ಯಂತ್ರಕ್ಕೆ ಏನೂ ಆಗಿರಲಿಲ್ಲ, ಕೊಂದವನು ನಾನು.

ಮಕ್ಕಳೇ, ಇದೊಂದನ್ನು ಬರೆದುಕೊಳ್ಳಿ. ಪಿನ್ನು ಕೂತರೆ ಸಾಲದು. ಚಾರ್ಜರಿನ ಮೇಲೆ ಬರೆದ ವೋಲ್ಟೂ ಲ್ಯಾಪ್‌ಟಾಪಿನ ತಳದಲ್ಲಿ ಬರೆದ ವೋಲ್ಟೂ ಒಂದೇ ಇರಬೇಕು. ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು, ಕಡಿಮೆ ಇರಬಾರದು. ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಎಂದು ತೋರಿಸುವ ಪುಟ್ಟ ಚಿತ್ರವೂ ಹೊಂದಬೇಕು.

ಅಪ್ಪನಿಗೆ ನಾನು ಹೇಳಿದ್ದು ಬೇರೆ. “ಅಂಗಡಿಯವನು ಕೆಟ್ಟ ಮಾಲು ಕೊಟ್ಟಿದ್ದ” ಅಂದೆ. ಅಪ್ಪ ಕಣ್ಣಿನಿಂದ ಕಾಣದ ಆ ಅಂಗಡಿಯವನನ್ನು ಎಷ್ಟೋ ವರ್ಷ ಬೈದರು. ಬೆಂಗಳೂರಿನವರನ್ನು ನಂಬಬಾರದು ಎಂದು ನೆಂಟರಿಗೆಲ್ಲ ಇದೇ ಉದಾಹರಣೆ ಕೊಟ್ಟರು. ಮುಂಗಡ ತೀರಲು ಎರಡು ಕೊಯ್ಲು ಹಿಡಿಯಿತು. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಅಪ್ಪಾ, ಆ ಅಂಗಡಿಯವನದು ಏನೂ ತಪ್ಪಿರಲಿಲ್ಲ.

ಮೂರನೆಯ ಬಗೆಯನ್ನು ಬೇಗ ಮುಗಿಸುತ್ತೇನೆ, ಊಟಕ್ಕೆ ಹೊತ್ತಾಗುತ್ತಿದೆ. ಕಂಪನಿಯ ಹೆಸರು ಬಂದು ‘ಬೂಟ್ ಡಿವೈಸ್ ಇಲ್ಲ’ ಎಂಬಂಥ ಇಂಗ್ಲಿಷ್ ಸಾಲು ಕಂಡರೆ ಹೆದರಬೇಡಿ. ಯಂತ್ರ ಎಚ್ಚರವಾಗಿದೆ, ಡಿಸ್ಕ್ ಸಿಕ್ಕುತ್ತಿಲ್ಲ. ಮೊದಲು ಚುಚ್ಚಿಟ್ಟ ಪೆನ್‌ಡ್ರೈವ್ ಇದ್ದರೆ ತೆಗೆಯಿರಿ. ಡಿಸ್ಕ್ ಸಡಿಲವಾಗಿದ್ದರೆ ತೆಗೆದು ಮತ್ತೆ ಕೂರಿಸಿ. ಹಳೆಯ ತಿರುಗುವ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ಒಳಗಿನ ಫೋಟೋ, ಅಂಕಪಟ್ಟಿ, ಪ್ರಾಜೆಕ್ಟುಗಳನ್ನು ಮೊದಲು ಹೊರಗೆ ತೆಗೆಯಬೇಕು. ಅಂಗಡಿಗೆ ಕೊಡುವಾಗ ‘ಫಾರ್ಮ್ಯಾಟ್ ಮಾಡಬೇಡಿ’ ಎಂದು ಚೀಟಿ ಅಂಟಿಸಿಯೇ ಕೊಡಿ.

ಕೈ ಹಾಕಬಾರದ ಜಾಗವೂ ಇದೆ. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಕೆಳಗೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತುತ್ತದೆ. ನೀರು ಬಿದ್ದದ್ದನ್ನು, ಸುಟ್ಟ ವಾಸನೆ ಬಂದದ್ದನ್ನು ‘ಒಂದು ಸಲ ನೋಡೋಣ’ ಎಂದು ಆನ್ ಮಾಡಬೇಡಿ. ಚಾರ್ಜರಿನ ಡಬ್ಬಿಯನ್ನು ಬಿಚ್ಚಲೇಬೇಡಿ.

ಕೊಳ್ಳುವವರಿಗೆ ಒಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದು ಅಗ್ಗಕ್ಕೆ ಸಿಕ್ಕಿದರೆ ಬಿಡಬೇಕಾಗಿಲ್ಲ, ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡರೆ ಶಾಲೆಯ ಕೆಲಸಕ್ಕೆ ಧಾರಾಳ ಸಾಕು. ಆದರೆ ಅಂಗಡಿಯವರು ಮೊದಲೇ ಆನ್ ಮಾಡಿಟ್ಟದ್ದನ್ನು ನೋಡಿ ಒಪ್ಪಬೇಡಿ. ಪೂರ್ತಿ ಆರಿಸಿ, ತಣ್ಣಗಾಗಲು ಬಿಟ್ಟು, ನಿಮ್ಮ ಕೈಯಿಂದಲೇ ಆನ್ ಮಾಡಿ ನೋಡಿ. ಬಯಾಸ್ ಪಾಸ್‌ವರ್ಡ್ ಕೇಳುವುದನ್ನು ಎಷ್ಟೇ ಅಗ್ಗವಾದರೂ ತರಬೇಡಿ.

ಊಟ ಆದ ಮೇಲೆ ಮೂರು ಗಂಟೆಗೆ ವಿಜ್ಞಾನದ ಕೋಣೆಯಲ್ಲಿ ಆ ಮೂರೂ ಲ್ಯಾಪ್‌ಟಾಪ್ ಬಿಚ್ಚುತ್ತೇವೆ. ನಾನು ಮುಟ್ಟುವುದಿಲ್ಲ, ಒಂಬತ್ತನೇ ತರಗತಿಯ ಮಕ್ಕಳು ಬಿಚ್ಚುತ್ತಾರೆ. ಬಿ.ಸಿ.ಎ. ಹುಡುಗಿ ಬಂದಿದ್ದಾಳೆ, ಅವಳು ಹೇಳಿಕೊಡುತ್ತಾಳೆ. ಮೂರೂ ಏಳುತ್ತವೆ ಎಂದು ಮಾತು ಕೊಡಲಾರೆ. ಒಂದಕ್ಕೆ ಬೋರ್ಡೇ ಹೋಗಿರುವ ಹಾಗಿದೆ, ಅದರ ರ‍್ಯಾಮ್ ಮತ್ತು ಡಿಸ್ಕ್ ಉಳಿದೆರಡಕ್ಕೆ ಆದೀತು. ಸ್ಕ್ರೂಡ್ರೈವರ್, ಮಲ್ಟಿಮೀಟರ್ ನನ್ನ ಚೀಲದಲ್ಲಿವೆ. ಅಳಿಸುವ ರಬ್ಬರ್ ತರುವುದನ್ನು ಮರೆತಿದ್ದೇನೆ, ಮಕ್ಕಳೇ, ಯಾರಾದರೂ ಎರಡು ತನ್ನಿ.