ಹೆಂಗಸರ ಕೊಲೆಸ್ಟರಾಲ್, ಹೆಂಗಸರ ರಕ್ತನಾಳ

ಪ್ಲೇನೋದ ಕನ್ನಡ ಬಂಧುಗಳೇ, ನಾನು ಡಾಕ್ಟರಲ್ಲ, ಸಾಫ್ಟ್‌ವೇರಿನವನು; ಓದಿ ತಿಳಿದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಮನೆಗಳಲ್ಲಿ ಗಂಡನ ಕೊಲೆಸ್ಟರಾಲ್ ಎಷ್ಟೆಂಬುದು ಹೆಂಡತಿಗೆ ಬಾಯಿಪಾಠ, ತನ್ನದು ಗೊತ್ತಿರುವುದಿಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜೆನ್ ಇಳಿದು, ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಎಲ್‌ಡಿಎಲ್ ಏರುತ್ತದೆ. 42ರಲ್ಲಿ ಮಾಡಿಸಿದ ರಿಪೋರ್ಟನ್ನು 52ರಲ್ಲಿ ನಂಬಿ ಕೂರಬೇಡಿ. ಎಚ್‌ಡಿಎಲ್ 45 ಎಂದರೆ ಗಂಡಸಿಗೆ ಪರವಾಗಿಲ್ಲ, ಹೆಂಗಸಿಗೆ ಕಡಿಮೆ; ಅವಳಿಗೆ 50 ಆದರೂ ಇರಬೇಕು.

ಅಮೆರಿಕದ ಹೃದಯ ತಜ್ಞರ 2018ರ ಮಾರ್ಗಸೂಚಿ ದಕ್ಷಿಣ ಏಷ್ಯಾದ ಮೂಲ, ಬಸುರಿನಲ್ಲಿ ಬಂದ ಪ್ರೀಎಕ್ಲಾಂಪ್ಸಿಯಾ, 40ಕ್ಕೆ ಮೊದಲೇ ಮುಟ್ಟು ನಿಂತದ್ದು, ಇವನ್ನೆಲ್ಲ ಅಪಾಯ ಹೆಚ್ಚಿಸುವ ಅಂಶಗಳೆಂದು ಎಣಿಸಿತು. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಹೆರಿಗೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಸರಿ!

ಹೃದಯಾಘಾತಕ್ಕೆ ಎದೆನೋವೇ ಬರಬೇಕೆಂದಿಲ್ಲ. ಇದ್ದಕ್ಕಿದ್ದಂತೆ ದವಡೆ, ಬೆನ್ನು ನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ‘ಗ್ಯಾಸು’ ಎಂದು ಜೀರಿಗೆ ಕಷಾಯ ಕುಡಿದು ಮಲಗಬೇಡಿ. 911ಕ್ಕೆ ಫೋನ್ ಮಾಡಿ.