ಎಂಬತ್ತೈದು ಲಕ್ಷದ ಮನಿ

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಬೋರ್ಡಿನ ಬಗ್ಗೆ ಮಾತಾಡೋಣ. ‘ಮನೆ ಮಾರಾಟಕ್ಕಿದೆ’ ಅನ್ನುವ ಬೋರ್ಡು.

ಸೇಡಂ, ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ್. ನಮ್ಮ ಕಲಬುರಗಿ ಜಿಲ್ಲೆಯ ಈ ಊರುಗಳ ಹಳೇ ಓಣಿಗಳಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಇಂಥ ಬೋರ್ಡು ಕಣ್ಣಿಗೆ ಬೀಳದೆ ಇರಲ್ಲ. ಬರೆದಾಗ ಕೆಂಪಗಿದ್ದ ಅಕ್ಷರ ಈಗ ಗುಲಾಬಿ ಆಗಿರುತ್ತೆ. ಫೋನ್ ನಂಬರಿನ ಕೊನೇ ಎರಡು ಅಂಕಿ ಮಳೆಗೆ ಅಳಿಸಿಹೋಗಿರುತ್ತೆ. ಯಾಕೆ ಮಾರಾಟ ಆಗಿಲ್ಲ ಅಂತ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: ‘ಗಿರಾಕಿ ಇಲ್ರೀ, ಮಾರ್ಕೆಟ್ ಡೌನ್ ಅದ.’

ನಾನೂ ಎರಡು ವರ್ಷ ಇದನ್ನೇ ಹೇಳ್ಕೊಂಡು ಓಡಾಡಿದವನು. ಯಾಕಂದ್ರೆ ಅಂಥ ಒಂದು ಬೋರ್ಡು ಸೇಡಂನಲ್ಲಿ ನಮ್ಮ ಮನೆಯದ್ದೇ.

ಅಪ್ಪ 1989ರಲ್ಲಿ ಕಟ್ಟಿಸಿದ ಮನೆ. ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ. ಮೇ ತಿಂಗಳ ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಆ ಬಿಸಿಲಲ್ಲೂ ಒಳಗೆ ಕಾಲಿಟ್ಟರೆ ನೆಲ ತಣ್ಣಗೆ. ಅಪ್ಪ ಹೋದ ಮೇಲೆ ಅಲ್ಲಿ ಉಳಿದಿದ್ದು ಅಮ್ಮ ಒಬ್ಬರೇ. ಬಚ್ಚಲು ಅಂಗಳದ ಆ ತುದಿಗಿದೆ, ಅಮ್ಮನ ಮೊಣಕಾಲು ಕೇಳ್ತಿಲ್ಲ. ಮನೆ ಮಾರಿ, ಕಲಬುರಗಿಯಲ್ಲಿ ಅಕ್ಕನ ಮನೆ ಹತ್ತಿರ ನೆಲಮಹಡಿಯಲ್ಲಿ ಅಮ್ಮನಿಗೊಂದು ಸಣ್ಣ ಮನೆ ಮಾಡಿಕೊಡೋದು ಅಂತ 2023ರ ದಸರೆಗೆ ತೀರ್ಮಾನ ಆಯ್ತು.

ಸರಿ, ಬೆಲೆ ಎಷ್ಟು? ಇಲ್ಲೇ ಇರೋದು ಕಥೆ.

ಪಡಸಾಲೆಯಲ್ಲಿ ಕೂತೆವು. ಅಮ್ಮ, ಅಣ್ಣ, ಅಕ್ಕ, ನಾನು. ನಾಲ್ಕು ಪಾಲು. ಬೆಂಗಳೂರಲ್ಲಿರೋ ಅಣ್ಣ ಒಂದು ಫ್ಲ್ಯಾಟ್ ನೋಡಿಟ್ಟಿದ್ದ. ‘ಒಬ್ಬೊಬ್ಬರಿಗೆ ಇಪ್ಪತ್ತು ಲಕ್ಷನಾದ್ರೂ ಬರಬೇಕಲ್ಲ’ ಅಂದ. ನಾಲ್ಕು ಇಪ್ಪತ್ತು ಎಂಬತ್ತು. ಚೌಕಾಸಿಗೆ ಅಂತ ಮೇಲೆ ಐದು. ಎಂಬತ್ತೈದು ಲಕ್ಷ! ಹೊರಗೆ ಹೋಗಿ ಒಬ್ಬರನ್ನೂ ಕೇಳಲಿಲ್ಲ. ನಮಗೆಷ್ಟು ಬೇಕೋ ಅದನ್ನೇ ಮನೆಯ ಬೆಲೆ ಅಂದುಬಿಟ್ಟೆವು. ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು, ಮೌಲ್ಯಮಾಪನದ ಪೇಪರ್ ಪಾಸಾದವನು. ನಾನೂ ತಲೆ ಆಡಿಸಿದೆ.

ಒಮ್ಮೆ ಅಂಕಿ ನಿಂತ ಮೇಲೆ ಅದಕ್ಕೆ ಸಾಕ್ಷಿ ಹುಡುಕೋದು ಏನು ಕಷ್ಟ? ಮೇನ್ ರೋಡಿನ ಮೂಲೆ ಜಾಗ ಒಳ್ಳೇ ಬೆಲೆಗೆ ಹೋಯ್ತಂತೆ. ಅದು ಅಂಗಡಿ ಹಾಕೋ ಜಾಗ, ನಮ್ಮದು ಕಾರು ತಿರುಗದ ಓಣಿ, ಅದು ಬೇರೆ ಮಾತು. 2019ರ ನವೆಂಬರಿನಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣ ಬಂತು, ನಮ್ಮ ಮನೆ ಬೆಲೆ ಏರಿತು. 2022ರಲ್ಲಿ ಎಸಿಸಿ ಅದಾನಿ ಸಮೂಹದ ಕೈಗೆ ಹೋಯ್ತು, ವಾಡಿಯಲ್ಲಿ ಎಲ್ಲರ ಮನೆ ಬೆಲೆ ಏರಿತು. 2025ರಲ್ಲಿ ಸೇಡಂನ ವಾಸವದತ್ತಾ ಸಿಮೆಂಟ್ ಅಲ್ಟ್ರಾಟೆಕ್‌ಗೆ ಸೇರಿತು, ಮತ್ತೆ ಏರಿತು. ಶಹಾಬಾದ್ ತಾಲೂಕಾಯ್ತು ಅಂತ ಅಲ್ಲಿಯವರದ್ದೂ ಏರಿತು. ಎಲ್ಲಿ ಏರಿದ್ದು? ನಮ್ಮ ತಲೆಯೊಳಗೆ. ಈ ಸುದ್ದಿಗಳನ್ನೆಲ್ಲ ‘ಭರ್ಜರಿ’ ಅಂತ ಸೇರಿಸಿ ಓದಿದವನು ಯಾರು? ನಾನೇ!

ಮೊದಲ ತಿಂಗಳಲ್ಲೇ ಒಬ್ಬರು ಬಂದರು. ಸರ್ಕಾರಿ ಶಾಲೆ ಮೇಷ್ಟ್ರು. ಮನೆ ಮನಸ್ಸಿಗೆ ಬಂತು. ‘ಐವತ್ತೆಂಟು ಕೊಡ್ತೀನ್ರಿ, ಅದಕ್ಕಿಂತ ಹೆಚ್ಚು ನಂಗ್ ಆಗಲ್ಲ’ ಅಂದರು. ಅಣ್ಣ ಫೋನಲ್ಲೇ ನಕ್ಕುಬಿಟ್ಟ. ನಾವು ನಕ್ಕ ಆ ಮನುಷ್ಯ ಬ್ಯಾಂಕಿನ ಕಡೆಯಿಂದ ಮನೆ ತೂಗಿಸಿಕೊಂಡೇ ಬಂದಿದ್ದರು ಅಂತ ಆಮೇಲೆ ಗೊತ್ತಾಯ್ತು. ಮೌಲ್ಯಮಾಪಕರು ಹಾಕಿದ್ದು 52 ಲಕ್ಷ.

ಈ ಲೆಕ್ಕ ಸ್ವಲ್ಪ ಕೇಳಿ. ಜಾಗಕ್ಕೆ ಸವಕಳಿ ಇಲ್ಲ, ಕಟ್ಟಡಕ್ಕೆ ಇದೆ. ಅರವತ್ತು ವರ್ಷ ಆಯುಷ್ಯ ಹಿಡಿದರೆ ನಮ್ಮ ಮನೆಯ ಕಟ್ಟಡದ ಬೆಲೆ ಅರ್ಧಕ್ಕೆ ಅರ್ಧ ಕರಗಿಹೋಗಿದೆ. ಅಪ್ಪ ನಿಂತು ನೀರು ಹೊಡೆಸಿದ್ದು, ಫರಸಿಯನ್ನ ಒಂದೊಂದಾಗಿ ಆರಿಸಿದ್ದು, ಇದಕ್ಕೆಲ್ಲ ಆ ಫಾರಂನಲ್ಲಿ ಕಾಲಂ ಇಲ್ಲ. ಇನ್ನು ಸಾಲ. 30ರಿಂದ 75 ಲಕ್ಷದವರೆಗಿನ ಗೃಹ ಸಾಲವಾದರೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬ್ಯಾಂಕ್ ಕೊಡೋದು ಹೆಚ್ಚೆಂದರೆ ಮನೆ ಮೌಲ್ಯದ ಶೇ. 80. ಯಾವ ಮೌಲ್ಯ? ನಾವು ಹೇಳಿದ್ದಲ್ಲ, ಬ್ಯಾಂಕ್ ಒಪ್ಪಿದ್ದು. 52 ಲಕ್ಷಕ್ಕೆ 41 ಲಕ್ಷದ 60 ಸಾವಿರ. ನಮ್ಮ ಎಂಬತ್ತೈದಕ್ಕೆ ಮೇಷ್ಟ್ರು ಹೂಂ ಅಂದಿದ್ದರೆ 43 ಲಕ್ಷಕ್ಕೂ ಮಿಕ್ಕಿ ಕೈಯಿಂದ ಹಾಕಬೇಕಿತ್ತು. ಮುದ್ರಾಂಕ, ನೋಂದಣಿ ಖರ್ಚು ಬೇರೆ, ಅದಕ್ಕೆ ಬ್ಯಾಂಕ್ ಸಾಲ ಇಲ್ಲ. ಅಷ್ಟು ರೊಕ್ಕ ಕೈಲಿದ್ದವರು ನಮ್ಮ ಓಣಿಗೆ ಯಾಕೆ ಬರ್ತಾರೆ? ಹೊಸ ಲೇಔಟ್‌ನಲ್ಲಿ ಸೈಟ್ ತಗೊಂಡು ಕಾರು ನಿಲ್ಲೋ ಹಾಗೆ ಕಟ್ಟಿಸ್ತಾರೆ. ಇಲ್ಲಾ, ಮಕ್ಕಳ ಓದಿಗೆ ಅಂತ ಕಲಬುರಗಿಗೇ ಹೋಗ್ತಾರೆ. ಸಿಮೆಂಟ್ ಕಂಪನಿಯ ಅಧಿಕಾರಿಗಳಿಗೆ ಕಾಲೊನಿಯಲ್ಲಿ ಕ್ವಾರ್ಟರ್ಸ್ ಇದೆ.

ಒಬ್ಬ ದಲಾಲಿ ದಾರಿ ತೋರಿಸಿದ. ‘ಕಾಗದದ ಮ್ಯಾಲ ಐವತ್ತು ತೋರಸ್ರಿ, ಉಳದದ್ದು ಕ್ಯಾಶ್.’ ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೂ ದಂಡ ಬೀಳಬಹುದು. ಅದಿರಲಿ, ಸಂಬಳದ ಮನುಷ್ಯ ಮೂವತ್ತೈದು ಲಕ್ಷ ಕ್ಯಾಶ್ ಎಲ್ಲಿಂದ ತರಬೇಕು?

ಅದೇ ದಲಾಲಿ ಆಮೇಲೊಂದು ದಿನ ಚಹಾ ಕುಡೀತಾ ಸತ್ಯ ಹೇಳಿಬಿಟ್ಟ. ‘ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಗಿರಾಕಿನ್ನ ಮೊದಲ ನಿಮ್ಮ ಮನಿಗೇ ಕರ್ಕೊಂಡ್ ಬರ್ತೀನಿ. ಎಂಬತ್ತೈದು ಕೇಳಿದ ಮ್ಯಾಲ ಹಿಂದಿನ ಓಣಿದು ನಲವತ್ತೆಂಟಕ್ಕ ಅಗ್ಗ ಅನಸ್ತದ.’ ನಮ್ಮ ಬೋರ್ಡು ಎರಡು ವರ್ಷದಲ್ಲಿ ಮನೆ ಮಾರಿಸಿದ್ದು ನಿಜ. ಹಿಂದಿನ ಓಣಿಯವರದ್ದು!

1990ರಲ್ಲಿ ಕಾನೆಮನ್, ನೆಚ್, ಥೇಲರ್ ಅನ್ನುವ ಮೂವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಒಂದೊಂದು ಕಾಫಿ ಮಗ್ಗು ಕೊಟ್ಟು, ಮಾರೋದಾದ್ರೆ ಎಷ್ಟಕ್ಕೆ ಅಂತ ಕೇಳಿದರು. ಸುಮಾರು 7 ಡಾಲರ್ ಅಂದರು. ಮಗ್ಗು ಸಿಗದವರು ಕೊಡಲು ಒಪ್ಪಿದ್ದು ಸುಮಾರು 3. ಆಗಷ್ಟೇ ಕೈಗೆ ಬಂದ ಮಗ್ಗಿನ ಮೇಲೇ ಇಷ್ಟು ಮೋಹ. ನಾವು ಹುಟ್ಟಿ ಬೆಳೆದ ಮನೆ ಅಂದರೆ ಕೇಳಬೇಕಾ?

ಈಗ ಕಾದಿದ್ದರ ಲೆಕ್ಕ. 58 ಲಕ್ಷ ಬ್ಯಾಂಕಿನಲ್ಲಿಟ್ಟು ಶೇ. 7 ಬಡ್ಡಿ ಬಂತು ಅಂತ ಇಟ್ಕೊಳ್ಳಿ. ವರ್ಷಕ್ಕೆ ನಾಲ್ಕು ಲಕ್ಷ, ಎರಡು ವರ್ಷಕ್ಕೆ ಎಂಟು. ಹೊತ್ತು ಹೋದ ಹಾಗೆ ಕೊಳ್ಳುವವರ ಖರ್ಚೂ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು ಶೇ. 2 ಆಯ್ತು. ಬೋರ್ಡು ಹಳೇದಾದಷ್ಟೂ ಬಂದವರ ಪ್ರಶ್ನೆ ಬದಲಾಯ್ತು. ಮೊದಲು ‘ಎಷ್ಟ್ ಕಡಿಮಿ ಮಾಡ್ತೀರಿ’ ಅಂತಿದ್ದವರು ಆಮೇಲೆ ‘ಮನಿ ಮ್ಯಾಲ ಏನರೆ ಕೇಸ್ ಅದಾ?’ ಅಂತ ಕೇಳೋಕೆ ಶುರುಮಾಡಿದರು.

ಇದೆಲ್ಲ ರೊಕ್ಕದ ಮಾತಾಯ್ತು. ಕಳೆದ ಮಳೆಗಾಲದಲ್ಲಿ ಅಮ್ಮ ಅದೇ ಅಂಗಳದಲ್ಲಿ ಕಾಲು ಜಾರಿ ಬಿದ್ದರು. ಮಣಿಕಟ್ಟು ಮುರೀತು. ಪಕ್ಕದ ಮನೆಯವರು ನೋಡುವ ಹೊತ್ತಿಗೆ ಅರ್ಧ ತಾಸು ಆಗಿತ್ತಂತೆ. ನಾನು ಸ್ಟುಡಿಯೋದಲ್ಲಿದ್ದೆ, ಫೋನ್ ಸೈಲೆಂಟ್. ರಾತ್ರಿ ಹೋಗಿ ನಿಂತಾಗ ಅಮ್ಮ ಕೈಯ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಯಪ್ಪಾ, ಮನಿ ನೋಡಾಕ ಬಂದೋರಿಗಿ ಚಹಾ ಮಾಡಿ ಮಾಡಿ ನಂಗ್ ಸಾಕಾಗ್ಯಾದ. ಮಾರೂದಿದ್ರ ಮಾರ್ರಿ, ಇಲ್ಲಂದ್ರ ಆ ಬೋರ್ಡ್ ತಗದ್ ಒಗೀರಿ’ ಅಂದರು.

ಅವತ್ತು ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಜಗಳ ಆಯ್ತು, ಮುಚ್ಚಿಡಲ್ಲ. ಅಕ್ಕ ಮಧ್ಯೆ ಬಂದು, ‘ನನ್ನ ಪಾಲು ಎಷ್ಟರೆ ಬರ್ಲಿ, ಅಮ್ಮ ನನ್ನ ಹತ್ರ ಬರ್ಲಿ’ ಅಂದಳು. ಅಣ್ಣ ಸುಮಾರು ಹೊತ್ತು ಮಾತಾಡಲಿಲ್ಲ. ಮರುದಿನ ಅವನೇ ಮೆಸೇಜ್ ಹಾಕಿದ: ‘ಮೇಷ್ಟ್ರಿಗೆ ಕೇಳು.’

ಕೇಳಿದೆ. ಮೇಷ್ಟ್ರು ಬೇರೆ ಮನೆ ತಗೊಂಡು ಗೃಹಪ್ರವೇಶವೂ ಆಗಿತ್ತು. ಹಿಂದಿನ ಓಣಿಯಲ್ಲಿ.

ಬೋರ್ಡಿನ ಮೇಲೆ 54 ಅಂತ ಬರೆಸಿದೆವು. ಹನ್ನೊಂದು ದಿನಕ್ಕೆ ಮೂರು ಮನೆತನ ಬಂದವು. 51ಕ್ಕೆ ಮಾತು ಮುಗೀತು. ಪಾಲಿಗೆ ಹನ್ನೆರಡೂ ಮುಕ್ಕಾಲು. ಆದರೆ ಮನೆ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ, ನಾವು ಆ ಕಡೆ ತಿರುಗಿಯೂ ನೋಡಿರಲಿಲ್ಲ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಬರೋ ಸೋಮವಾರ ರಜೆ ಹಾಕಿದ್ದೀನಿ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ತೆರಿಗೆ ರಸೀದಿ ಹಿಡ್ಕೊಂಡು ಸೇಡಂ ಪುರಸಭೆಗೆ ಹೋಗಬೇಕು. ಅಮ್ಮ ಆಗಲೇ ಪಾತ್ರೆ ಕಟ್ಟಿಟ್ಟಿದ್ದಾರೆ. ಅಂಗಳದಲ್ಲಿ ಮಿಕ್ಕಿರೋ ನಾಲ್ಕು ಫರಸಿ ತಗೊಂಡು ಹೋಗಬಹುದಾ ಅಂತ ಕೊಳ್ಳುವವರನ್ನ ಕೇಳು ಅಂದಿದ್ದಾರೆ.