ಕೈಯೆಣಿಕೆಗೆ ಮುನ್ನ

ಪ್ರತಿನಿಧಿಗಳ ಸಭೆಯಲ್ಲಿ ಬಹುಮತವೇ ಕೊನೆಯ ಮಾತು, ನಿಜ. ಅದೇ ಮೊದಲ ಮಾತೂ ಆಗಬಾರದು.

1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಪ್ರೊಫೆಸರ್ ಕೆ. ಟಿ. ಷಾ ಅವರು ಭಾರತವನ್ನು ಜಾತ್ಯತೀತ, ಸಮಾಜವಾದಿ ಒಕ್ಕೂಟವೆಂದು ಸಂವಿಧಾನದಲ್ಲಿಯೇ ಹೆಸರಿಸಬೇಕೆಂದು ವಾದಿಸಿದರು. ಸಮಾಜದ ಆರ್ಥಿಕ ವ್ಯವಸ್ಥೆಯನ್ನು ಕಾಲಕ್ಕೆ ತಕ್ಕಂತೆ ಜನರೇ ನಿರ್ಧರಿಸಬೇಕೆಂದು ಡಾಕ್ಟರ್ ಅಂಬೇಡ್ಕರರು ಉತ್ತರಿಸಿದರು. ತಿದ್ದುಪಡಿ ಬಿದ್ದುಹೋಯಿತು.

ಮರುವರ್ಷ ನವೆಂಬರ್ 25ರಂದು ಅಂಬೇಡ್ಕರರು ಷಾ ಮೊದಲಾದ ಭಿನ್ನಮತೀಯರನ್ನು ಹೆಸರಿಸಿ ಕೃತಜ್ಞತೆ ಸಲ್ಲಿಸಿದರು. ಅವರು ಪ್ರಶ್ನಿಸದಿದ್ದರೆ ಸಂವಿಧಾನದ ಮೂಲತತ್ತ್ವಗಳನ್ನು ವಿವರಿಸುವ ಅವಕಾಶವೇ ತಮಗೆ ದೊರೆಯುತ್ತಿರಲಿಲ್ಲವೆಂದರು.

1976ರಲ್ಲಿ ಆ ಎರಡು ಪದಗಳೂ ಪ್ರಸ್ತಾವನೆಯನ್ನು ಸೇರಿದವು. ಆಗ ತುರ್ತುಪರಿಸ್ಥಿತಿ, ಎದುರು ನಿಂತು ಪ್ರಶ್ನಿಸಬೇಕಾದ ಅನೇಕ ಪ್ರತಿನಿಧಿಗಳು ಸೆರೆಮನೆಯಲ್ಲಿದ್ದರು.

ಆ ಪದಗಳ ಯೋಗ್ಯತೆ ಬೇರೆ ಮಾತು. ಶಾಸನಕ್ಕೆ ಬಲ ಕೊಡುವುದು ಬಹುಮತ. ಗೌರವ ತರುವುದು, ಸೋತವರಿಗೂ ಕಾರಣ ಹೇಳುವ ಹೊಣೆ.